ಕಾರ್ಡುಗಳಿಗೆ ಕುಂಕುಮ ಹಚ್ಚಿದ ದಸರೆ

ಬೆಂಗಳೂರಿನ ವಿಜಯನಗರಕ್ಕೆ ಬಂದ ಮೊದಲ ದಿನವೇ ಬೈಸಿಕೊಂಡೆ, ಅದೂ ಬಾಗಿಲು ತೆರೆದಿಟ್ಟಿದ್ದಕ್ಕೆ. "ಬಾಗ್ಲು ಹಾಕ್ಕೊಳ್ಳಮ್ಮ, ಇದೇನು ಛತ್ರಾನಾ?" ಎಂದರು ಮನೆ ಮಾಲೀಕರ ಹೆಂಡತಿ ಸರೋಜಮ್ಮ. ಗದಗಿನಲ್ಲಿ ಹಗಲು ಬಾಗಿಲು ಹಾಕಿದರೆ, ಯಾರಿಗೋ ಹುಷಾರಿಲ್ಲವೆಂದು ಓಣಿಯವರೇ ವಿಚಾರಿಸಲು ಬರುತ್ತಾರೆ. ಇಲ್ಲಿ ಮುಚ್ಚಿದ ಬಾಗಿಲ ಹಿಂದೆ ನನಗೆ ಮಾತಿಗಿದ್ದವನು ದೇವರೊಬ್ಬನೇ.

ಆದರೆ ಅದೇ ಸರೋಜಮ್ಮ ಹುಳಿ ಕಳಿಸತೊಡಗಿದರು. ಹುಳಿಯೆಂದರೆ ಇಲ್ಲಿ ತರಕಾರಿ ಹಾಕಿ ಕುದಿಸಿದ ಬೇಳೆ, ಬೆಲ್ಲವೂ ಬಿದ್ದಿರುತ್ತದೆ. ನಾನು ಜೋಳದ ರೊಟ್ಟಿ ಕೊಟ್ಟೆ. "ಹಲ್ಲಿದ್ದೋರು ತಿನ್ನೋದು ಕಣಮ್ಮ ಇದು" ಎನ್ನುತ್ತಲೇ ಎರಡು ಮುಗಿಸಿದರು. ಇಂಥವನ್ನು ನಾನು ದೇವರ ಕೃಪೆಯೆಂದೇ ಎಣಿಸುವವಳು.

ನಮ್ಮ ಯಜಮಾನರು ಗದಗಿನ ಕಾಲೇಜಿಗೆ ರಜೆ ಹಾಕಿ ಸಂಶೋಧನೆಗೆ ಬಂದವರು. ಅಣುವಿಗಿಂತ ಚಿಕ್ಕ ಕಣಗಳ ಶಕ್ತಿ ಅಳೆಯುವ ಕ್ಯಾಲೋರಿಮೀಟರ್ ಎಂಬ ಯಂತ್ರ ವಿದೇಶದಲ್ಲಿದೆ. ಕಣ ಬಡಿದಾಗ ಅದರೊಳಗೆ ಏನಾಗುತ್ತದೆಂದು ಇಲ್ಲಿಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಇವರ ಕೆಲಸ. ಇವರ ಲೆಕ್ಕ, ಯಂತ್ರದ ಅಳತೆಗಿಂತ ಸದಾ ಕಡಿಮೆ ಬರುತ್ತಿತ್ತು. ದೀಪಾವಳಿಯೊಳಗೆ ಎರಡೂ ಹೊಂದಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಗದಗಿಗೆ ವಾಪಸ್. ಯಾವುದನ್ನು ಬೇಡಬೇಕೋ ತಿಳಿಯದೆ ನಾನು ಸುಮ್ಮನೆ ದೀಪ ಹಚ್ಚುತ್ತಿದ್ದೆ.

ನಮ್ಮ ಕಡೆಯ ಖಂಡೇಪೂಜೆಗೆ ಇಲ್ಲಿ ಆಯುಧಪೂಜೆ ಎನ್ನುತ್ತಾರೆ. ಅಂದು ಈಳಿಗೆ, ಒರಳಿನ ಜೊತೆ ಇವರ ಆಯುಧಕ್ಕೂ ಪೂಜೆಯಾಗಲೆಂದು, ತೂತು ಕೊರೆದ ರಟ್ಟಿನ ಕಾರ್ಡುಗಳ ಕಟ್ಟು ಬಿಚ್ಚಿ ಒಂದೊಂದಕ್ಕೂ ಒದ್ದೆ ಕುಂಕುಮ ಹಚ್ಚಿದೆ. ಲೆಕ್ಕದ ಒಂದೊಂದು ಸಾಲೂ ಒಂದೊಂದು ಕಾರ್ಡಿನಲ್ಲಿ ತೂತುಗಳಾಗಿರುತ್ತದೆ, ಕಂಪ್ಯೂಟರ್ ಓದುವುದು ಆ ತೂತುಗಳನ್ನಂತೆ. ಕುಂಕುಮದಿಂದ ಒಂದಕ್ಕೊಂದು ಅಂಟಿದ ಕಾರ್ಡು ಅದರೊಳಗೆ ಹೋಗುವುದೇ ಇಲ್ಲವಂತೆ.

"ಏನ್ ಮಾಡಿದಿ ಇದು?"

"ಪೂಜಾ ಮಾಡೇನ್ರಿ."

ಇವರು ಅಂಟಿದ ಎರಡು ಕಾರ್ಡುಗಳನ್ನು ಬಿಡಿಸಿ ನೋಡಿದರು. "ನನಗೂ ಒಂದು ಹಚ್ಚಿಬಿಡು, ಮುಗೀತು."

ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಮಾಡಿಸಬೇಕಾಯಿತು. ಅದಕ್ಕಾಗಿ ಹಳೆಯ ಕಾರ್ಡುಗಳ ಅಂಚಿನಲ್ಲಿ ಅಚ್ಚಾಗಿದ್ದ ಇಂಗ್ಲಿಷ್ ಅಕ್ಷರಗಳನ್ನು ನಾನು ಒಂದೊಂದಾಗಿ ಓದಿದೆ, ಇವರು ಹಾಳೆಗೆ ಬರೆದುಕೊಂಡರು. ಒಂದು ಕಾರ್ಡಿಗೆ ಇವರ ಕೈ ನಿಂತಿತು.

"ತಡಿ. ಇನ್ನೊಮ್ಮೆ ಓದು. ಸಾವಕಾಶ."

ಓದಿದೆ. ಶಕ್ತಿ ತೀರ ಕಡಿಮೆಯಾದ ಕಣಗಳನ್ನು ಕೈಬಿಡು ಎನ್ನುವ ಸಾಲಂತೆ ಅದು. ಕೈಬಿಡುವ ಮುನ್ನ ಅವುಗಳಲ್ಲಿ ಉಳಿದ ಶಕ್ತಿಯನ್ನು ಮೊತ್ತಕ್ಕೆ ಸೇರಿಸಬೇಕಿತ್ತು, ಸೇರಿಸಿರಲಿಲ್ಲ.

"ಚೂರುಪಾರು ಅಂತ ಎಲ್ಲಾ ಚೆಲ್ಲಿಬಿಟ್ಟೀನಿ" ಎಂದು ಹಣೆ ಒತ್ತಿಕೊಂಡರು.

ತಿದ್ದಿದ ಕಾರ್ಡುಗಳು ಕಂಪ್ಯೂಟರಿಗೆ ಹೋಗಿ ಬಂದವು. ಲೆಕ್ಕವೂ ಅಳತೆಯೂ ಹೊಂದಿದವು. ನಾನು ಕಾಯಿ ಒಡೆದೆ. "ಇನ್ನೇನು, ನೀವೂ ಬೆಂಗ್ಳೂರೋರೇ ಆಗೋದ್ರಿ" ಎಂದರು ಸರೋಜಮ್ಮ.

ಸಂತೋಷದಿಂದಲೇ ಅವ್ವನಿಗೆ ಕಾಗದ ಬರೆಯಲು ಕುಳಿತೆ: ಇಲ್ಲೇ ಉಳಿಯುತ್ತೇವೆ, ನನ್ನ ಪೆಟ್ಟಿಗೆಯಲ್ಲಿರುವ ಕೌದಿಗಳನ್ನು ಬರುವವರ ಕೈಲಿ ಕಳಿಸು. ಮಡಿಸಿದ ಮೇಲೆ ಮತ್ತೆ ಬಿಚ್ಚಿ ಅಂಚಿನಲ್ಲಿ ಸೇರಿಸಿದೆ: ಒಂದನ್ನು ಅಲ್ಲೇ ಇಟ್ಟಿರು, ನಾನು ಬಂದಾಗ ಹೊದೆಯಲು ಬೇಕು.