ಅರಿಶಿನ ನೀರು ಹಾಕಿದ ಕೈ

ಗೋವಿನಕೋವಿಯ ಸರ್ವಮಂಗಳಮ್ಮ ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿದ ಮೇಲೆ ಒಂದು ಹಿಡಿ ನೆನೆಸಿದ ಕಡಲೆಕಾಳನ್ನು ಹಿತ್ತಲ ಗೋಡೆಯ ಮೇಲೆ ಇಡುತ್ತಾರೆ. ತಾವು ನೀರು ಕುಡಿಯುವುದು ಆಮೇಲೆಯೇ. ಗಂಡ ತೀರಿಕೊಂಡ ಮಾರನೆಯ ದಿನವೂ ಇದು ತಪ್ಪಲಿಲ್ಲ. ಕಾಳು ತಿನ್ನಲು ಬರುತ್ತಿದ್ದುದು ಬಾಲದ ತುದಿ ತುಂಡಾದ ಒಂದು ಮುದಿ ಮಂಗ. ಗೋಡೆಯ ಮೇಲೆ ಕೂತು, ಒಂದೊಂದೇ ಕಾಳಿನ ಸಿಪ್ಪೆ ಸುಲಿದು, ಬಹಳ ಹೊತ್ತು ಅಗಿಯುತ್ತಿತ್ತು. "ನಮ್ಮ ಮಾವನೋರು ಹಿಂಗೇ ತಿಂತಿದ್ರು" ಎಂದು ಸರ್ವಮಂಗಳಮ್ಮ ನಗುತ್ತಿದ್ದರು.

ಅವರಿಗೀಗ ಅರವತ್ತಾರು. ಸ್ವಂತ ಮಕ್ಕಳಿಲ್ಲ. ಆದರೆ ಊರಿನ ಅರ್ಧ ಜನ ಅವರ ಕಾಲ ಮೇಲೆ ಮಲಗಿ ಎದ್ದವರೇ. ಬಾಣಂತಿ ಮನೆಗೆ ಹೋಗಿ, ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಅವರು ತಾಯಿಯಿಂದ ಕಲಿತಿದ್ದರು. ತಂಗಿ ಪ್ರೇಮಲತಾಗೆ ನೀರು ಹಾಕಿದಾಗ ಅವರಿಗೆ ಹದಿನಾಲ್ಕು ವರ್ಷ. ಪ್ರೇಮಲತಾಳ ಮಗಳು ಸಂಧ್ಯಾರಾಣಿಗೂ ಅವರೇ ಹಾಕಿದರು. ಈಗ ಸಂಧ್ಯಾರಾಣಿ ಹೆರಿಗೆಗೆಂದು ಜಗಳೂರಿನ ತವರಿಗೆ ಬಂದು ಗಂಡುಕೂಸು ಹೆತ್ತಿದ್ದಳು. ಹನ್ನೊಂದನೆಯ ದಿನ, ಭಾನುವಾರ, ಕೂಸಿಗೆ ಮೊದಲ ಎಣ್ಣೆ ನೀರು. "ದೊಡ್ಡಮ್ಮ ಬರೋ ತನಕ ಎಣ್ಣೆ ಬಟ್ಟಲು ಯಾರೂ ಮುಟ್ಟಂಗಿಲ್ಲ" ಎಂದು ಅವಳು ಫೋನಿನಲ್ಲಿ ಹಟ ಹಿಡಿದಿದ್ದಳು. ಸರ್ವಮಂಗಳಮ್ಮ ಗಂಡನ ಹಳೆಯ ಪಂಚೆಯನ್ನು ಹರಿದು, ಒಗೆದು, ಕೂಸಿಗೆ ಸುತ್ತಲು ಮೆತ್ತನೆಯ ಬಟ್ಟೆ ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದರು.

ಆ ಭಾನುವಾರಕ್ಕೆ ಮುಂಚಿನ ಸೋಮವಾರ ಗೋಡೆಯ ಮೇಲಿನ ಕಡಲೆ ಹಾಗೇ ಉಳಿಯಿತು. ಹುಡುಕಿದರೆ ಮಂಗ ಹಿತ್ತಲಾಚೆಯ ಬೇವಿನ ಬುಡದಲ್ಲಿ ಸತ್ತು ಬಿದ್ದಿತ್ತು.

ಈ ಕಡೆ ಮಂಗ ಸತ್ತರೆ ಮನೆಯವರೇ ಸತ್ತಂತೆ ಮಣ್ಣು ಮಾಡುತ್ತಾರೆ. ಪಕ್ಕದ ಮನೆಯ ಬಂಗಾರಪ್ಪ ಗುಂಡಿ ತೋಡಿದ. ಸರ್ವಮಂಗಳಮ್ಮ ಕಾಲು ನೀಡಿ ಕೂತು, ಮಂಗನನ್ನು ಕಾಲ ಮೇಲೆ ಮಲಗಿಸಿಕೊಂಡು ಅರಿಶಿನ ನೀರು ಹಾಕಿದರು. ಬೇರೆ ಥರ ನೀರು ಹಾಕುವುದು ಅವರಿಗೆ ಗೊತ್ತಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ತಮ್ಮವರು ಸತ್ತಾಗ ಕೂರಿಸುವಂತೆಯೇ ಗುಂಡಿಯಲ್ಲಿ ಕೂರಿಸಿ, ಮಣ್ಣು ಹಾಕಿಸಿದರು.

ಮಾರನೆಯ ದಿನ ಆಶಾ ಕಾರ್ಯಕರ್ತೆ ಅರುಣಾ ಬಂದಳು. ಜೊತೆಗೆ ಪಶು ಆಸ್ಪತ್ರೆಯ ಇಬ್ಬರು.

"ಮಂಗನ್ನ ಮುಟ್ಟಿದ್ದು ಯಾರ್ರೀ?"

"ಮುಟ್ಟೋದೇನು ಬಂತು, ನಮ್ಮಕ್ಕ ಸ್ನಾನಾನೇ ಮಾಡ್ಸಿದಾರೆ. ತೊಟ್ಲಿಗೆ ಹಾಕಿ ತೂಗೋದೊಂದು ಬಾಕಿ ಇತ್ತು" ಎಂದ ಬಂಗಾರಪ್ಪ.

ಅರುಣಾ ನಗಲಿಲ್ಲ. ಮಲೆನಾಡಿನ ಕಡೆ ಮಂಗನ ಕಾಯಿಲೆಯ ಭಯವಿದೆ, ಸತ್ತ ಮಂಗನ ಮೈಯಲ್ಲಿರುವ ಉಣುಗು ಎಂಬ ರಕ್ತ ಹೀರುವ ಹುಳು ಮನುಷ್ಯರಿಗೆ ಕಚ್ಚಿದರೆ ಜ್ವರ ಬರುತ್ತದೆ, ಮಂಗನನ್ನು ಮುಟ್ಟುವುದೂ ಅಪಾಯ ಎಂದಳು. ಈಗಲೂ ಗುಂಡಿ ತೆಗೆದರೆ ಏನಾದರೂ ತಿಳಿಯಬಹುದು, ಇನ್ನೂ ತಡವಾದರೆ ಅದೂ ಇಲ್ಲ ಎಂದರು ಬಂದವರು. ಎಲ್ಲರೂ ಸರ್ವಮಂಗಳಮ್ಮನ ಮುಖ ನೋಡಿದರು.

"ವಿಭೂತಿ ಹಚ್ಚಿ ಕೂರಿಸಿದ ಮೇಲೆ ಎಬ್ಬಿಸಬಾರ್ದು ರೀ" ಎಂದರು ಅವರು.

ಪಶು ಆಸ್ಪತ್ರೆಯವರು ಗುಂಡಿ ಮುಟ್ಟದೆ ಹೊರಟುಹೋದರು, ಅರುಣಾ ಉಳಿದಳು. ಅವರ ಬೈಕು ತಿರುವು ದಾಟಿದ ಮೇಲೆಯೇ ಸರ್ವಮಂಗಳಮ್ಮನಿಗೆ ಹೊಳೆದದ್ದು: ಮಂಗ ಹೇಗೆ ಸತ್ತಿತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ.

"ಎಂಟು ದಿನ ನೋಡ್ಬೇಕವ್ವ. ಜ್ವರ ಬಂದ್ರೆ ಆಗಿಂದಾಗ್ಲೇ ನಂಗೆ ಹೇಳ್ರಿ" ಎಂದಳು ಅರುಣಾ.

"ಭಾನುವಾರ ಕೂಸಿಗೆ ನೀರು ಹಾಕಾಕೆ ಜಗಳೂರಿಗೆ ಹೋಗ್ಬೇಕಲ್ಲವ್ವ."

"ಹೋಗ್ರಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ."

"ಹಂಗಾದ್ರೆ ಎಂಟು ದಿನ ಯಾಕೆ?"

"ಅದು ನಿಮಗೋಸ್ಕರ."

"ಸೀರೆ ನೆರಿಗೆಯಾಗೆ ಉಣುಗು ಕೂತಿದ್ರೆ?"

"ಬಿಸಿನೀರಾಗೆ ಒಗೀರಿ."

ಒಗೆದರು. ಮಾರನೆಯ ದಿನ ಮತ್ತೆ ಒಗೆದರು. ಆಮೇಲೆ ಆ ಸೀರೆ ಒಣಗಿದ ತಂತಿಯನ್ನೂ ಒರೆಸಿದರು.

ಊರೂ ನೆಟ್ಟಗಿರಲಿಲ್ಲ. ಬಂಗಾರಪ್ಪ ಚನ್ನಗಿರಿಯ ಬೀಗರ ಮನೆಯ ಊಟಕ್ಕೆ ಹೋಗುವುದನ್ನು ಬಿಟ್ಟ. ಅದೇ ಮಧ್ಯಾಹ್ನ ನ್ಯಾಮತಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. "ಅಲ್ಲಿಗೆ ಹೋಗಬಾರ್ದು, ಇಲ್ಲಿಗೆ ಹೋಗಬಹುದು, ಇದು ಹೆಂಗಪ್ಪ?" ಎಂದು ಸರ್ವಮಂಗಳಮ್ಮ ನಿಜವಾಗಿಯೇ ತಿಳಿಯಲೆಂದು ಕೇಳಿದರು. "ಬೀಗರು ಹೆದರ್ತಾರೆ ಅಕ್ಕ, ಕ್ಷೌರದೋನಿಗೆ ಸುದ್ದಿ ಗೊತ್ತಿಲ್ಲ" ಎಂದ ಅವನು. ಹೊನ್ನಾಳಿಗೆ ಹೊರಟಿದ್ದ ಎದುರು ಮನೆಯ ಲಕ್ಷ್ಮಮ್ಮ ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ವಾಪಸ್ಸು ಬಂದಳು. ಯಾಕೆ ಎಂದರೆ ಅವಳಿಗೂ ಗೊತ್ತಿರಲಿಲ್ಲ.

ಗುರುವಾರ ಪ್ರೇಮಲತಾ ಮೂರು ಸಲ ಫೋನು ಮಾಡಿದಳು. ಬೆಳಗ್ಗೆ, "ನಿಮ್ಮೂರ ಮಂಗನ ಸುದ್ದಿ ನಮ್ಮ ಬೀಗರ ಕಿವಿಗೆ ಬಿದ್ದೈತೆ. ಬರಬ್ಯಾಡಕ್ಕ" ಎಂದಳು. ಮಧ್ಯಾಹ್ನ, "ಹುಡುಗಿ ಅಳಾಕೆ ಹತ್ಯಾಳೆ. ಬಂದುಬಿಡು" ಎಂದಳು. ಸಂಜೆ, "ಏನ್ ಮಾಡ್ಬೇಕು ನೀನೇ ಹೇಳು" ಎಂದು ಫೋನು ಇಟ್ಟಳು.

ಶುಕ್ರವಾರ ತಲೆನೋವು ಬಂತು. ಅರುಣಾ ಕೊಟ್ಟುಹೋಗಿದ್ದ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೋಡಿದರು. ಜ್ವರವಿಲ್ಲ. ಮತ್ತೆ ನೋಡಿದರು. ಇಲ್ಲ. ತಲೆ ಮಾತ್ರ ನೋಯುತ್ತಲೇ ಇತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಏನು ಬೇಡಬೇಕೆಂದು ತೋಚಲಿಲ್ಲ. ಜ್ವರ ಬಾರದಿರಲಿ ಎನ್ನಬೇಕೋ, ಹೋಗುವ ಧೈರ್ಯ ಕೊಡು ಎನ್ನಬೇಕೋ, ಗುಂಡಿ ತೆಗೆಯಲು ಬಿಡದೇ ಇದ್ದದ್ದು ತಪ್ಪಾಯಿತು ಎನ್ನಬೇಕೋ? ಅದು ತಪ್ಪೇ ಆಗಿದ್ದರೆ, ಮಂಗನಿಗೆ ಅರಿಶಿನ ನೀರು ಹಾಕಿದ್ದೂ ತಪ್ಪೇ? ಏನನ್ನೂ ಬೇಡದೆ ಪೂಜೆ ಮುಗಿಸಿ, ಕಡಲೆಕಾಳನ್ನು ಗೋಡೆಯ ಮೇಲೆ ಇಟ್ಟರು. ಒಂದು ಅಳಿಲು ಬಂತು. ಅದನ್ನೂ ಅವರು ಎರಡೆರಡು ಸಲ ನೋಡಿದರು.

ಶನಿವಾರ ಮಧ್ಯಾಹ್ನ ಬಾಗಿಲ ಮುಂದೆ ಕಾರು ನಿಂತಿತು. ಇಳಿದವನು ಪ್ರೇಮಲತಾಳ ಮಗ ಮಹಾಂತೇಶ್.

"ಕಾರು ಹತ್ತು ದೊಡ್ಡಮ್ಮ. ಬಸ್ಸಿನ ತಾಪತ್ರಯಾನೇ ಬ್ಯಾಡ. ನೀನು ತಿಂಗಳಿಂದ ಸಂತೇಬೆನ್ನೂರಾಗೆ ಇದ್ದೆ ಅಂತ ಬೀಗರಿಗೆ ಹೇಳೀನಿ."

"ಸಂತೇಬೆನ್ನೂರಾಗೆ ನಮ್ಮೋರು ಯಾರವ್ರೆ?"

"ಯಾರೋ ಒಬ್ರು. ಅವರೇನು ಹೋಗಿ ನೋಡ್ತಾರಾ?"

ಸರ್ವಮಂಗಳಮ್ಮ ನಕ್ಕರು. ಒಳಗೆ ಹೋಗಿ ಚೀಲ ತಂದು ಜಗಲಿಯ ಮೇಲೆ ಕೂತರು. ಪಂಚೆಯ ಬಟ್ಟೆ ತೆಗೆದು ಅವನ ಕೈಗೆ ಕೊಟ್ಟರು. ಮರುಗಳಿಗೆಯೇ ವಾಪಸ್ಸು ಇಸಿದುಕೊಂಡರು.

"ಇದು ಆ ಸೀರೆ ಜೊತೆಗೇ ಮಡಚಿಟ್ಟಿದ್ನೋ ಏನೋ, ನೆನಪಾಗ್ತಿಲ್ಲ. ಬ್ಯಾಡ ಬಿಡು, ಹೊಸದು ತಗಳ್ರಿ."

"ಜ್ವರ ಐತಾ ದೊಡ್ಡಮ್ಮ?"

"ಇಲ್ಲಪ್ಪ. ಅರುಣಾನೂ ಹೋಗ್ರಿ ಅಂತಾಳೆ."

"ಮತ್ತೇನು?"

ಸರ್ವಮಂಗಳಮ್ಮ ಜಗಲಿಯ ಮೇಲೆ ಕಾಲು ನೀಡಿದರು. ಕೂಸು ಇರಬೇಕಾದ ಜಾಗದ ಮೇಲೆ ಎರಡೂ ಕೈ ಹಿಡಿದು ನೋಡಿಕೊಂಡರು.

"ಎಣ್ಣೆ ಹಚ್ಚಿದ ಕೂಸು ಮೀನಿನಂಗೆ ಜಾರ್ತೈತೆ ಮಹಾಂತು. ಹಿಡಿಯೋ ಕೈಗೆ ಅನುಮಾನ ಇರಬಾರ್ದು. ಮಂಗಳವಾರದಿಂದ ಈ ಕೈ ಒಂದು ತಂಬಿಗೇನೂ ನೆಟ್ಟಗೆ ಹಿಡಿದಿಲ್ಲ. ಹೆದ್ರಿಕೆನೋ, ಮತ್ತೊಂದೋ, ನಂಗೇ ತಿಳೀತಿಲ್ಲ. ನಾಳೆ ನಿಮ್ಮವ್ವ ನೀರು ಹಾಕ್ಲಿ. ಅವಳಿಗೆ ನಾನೇ ಕಲಿಸೀನಿ."

"ನೀರು ಹಾಕ್ಬ್ಯಾಡ ಬಿಡು. ಸುಮ್ನೆ ಬಂದು ಕೂಸಿನ ಮುಖ ನೋಡು. ನಾಳೆ ಸಂಜೆಗೆ ನಾನೇ ತಂದು ಬಿಡ್ತೀನಿ."

ಅವರು ಎದ್ದು ಹೋಗಿ ಕಾರಿನ ತೆರೆದ ಬಾಗಿಲನ್ನು ಮುಚ್ಚಿದರು.

"ಬ್ಯಾಡಪ್ಪ. ಆ ಮನೆಯಾಗೆ ಕೂಸು ಅಳೋವಾಗ ದೂರ ಕೂರಾಕೆ ನನ್ನ ಕೈಲಿ ಆಗಲ್ಲ. ನೀನು ಹೊರಡು, ಎಣ್ಣೆ ಬೆಚ್ಚಗಿರಲಿ ಅಂತ ನಿಮ್ಮವ್ವಗೆ ಹೇಳು."