ಅಂಡಮಾನ್ ಸೊಸೆಗೆ ದ್ವೀಪದ ಕುಕ್ಕಿ

"ಮೆಕಡೇಮಿಯಾ ಇದೆಯಾ?"

ಬಂಗಾರಪೇಟೆಯ ಬಜಾರಿನಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಸಾಮಾನು ತರುವ ಅಂಗಡಿ ಅದು. ಅಂಗಡಿಯವರು ನನ್ನ ಮುಖ ನೋಡಿದರು. ಹಿಂದಿನ ಶೆಲ್ಫ್ ನೋಡಿದರು. ಮತ್ತೆ ನನ್ನ ಮುಖ ನೋಡಿದರು.

"ಮೆಕ್ಕೆಜೋಳಾನಾ ಅಕ್ಕ? ಮನೇಗಾ, ದನಕ್ಕಾ?"

"ಅಲ್ಲಪ್ಪ, ಮೆಕಡೇಮಿಯಾ. ಗೋಡಂಬಿ ತರಾನೇ ಒಂದು ಬೀಜ. ದುಂಡಗಿರುತ್ತೆ."

"ಅಂಗಾದ್ರೆ ಗೋಡಂಬೀನೇ ತಗೊಂಡೋಗಿ. ದುಂಡಗಿಲ್ಲ, ಅಷ್ಟೇ."

ಗೋಡಂಬಿ, ಮೈದಾ, ಬೆಣ್ಣೆ, ಒಣಕೊಬ್ಬರಿ ತುರಿ ಕಟ್ಟಿಸಿಕೊಂಡು ಬಂದೆ. (ಬಂಗಾರಪೇಟೆಯಲ್ಲಿ ಪಾನಿಪುರಿ ಕೇಳಿ, ಬೀದಿಗೆ ನಾಲ್ಕು ಗಾಡಿ ತೋರಿಸುತ್ತೇನೆ. ಮೆಕಡೇಮಿಯಾ ಮಾತ್ರ ಕೇಳಬೇಡಿ.)

ನನಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಅಂತೀರಾ? ಬೇಕಿತ್ತು. ನನ್ನ ತಮ್ಮನ ಸಂಸಾರದ ಪ್ರಶ್ನೆ.

ತಮ್ಮ ನಾಗೇಶ ಎಲೆಕ್ಟ್ರಿಷಿಯನ್. ಕಾಂಟ್ರಾಕ್ಟ್ ಕೆಲಸಕ್ಕೆಂದು ಎರಡು ವರ್ಷ ಅಂಡಮಾನಿಗೆ ಹೋಗಿದ್ದ. ಹೋಗುವಾಗ ಒಂದು ಟೂಲ್ ಬ್ಯಾಗು ಹಿಡಿದು ಹೋದವನು ಬರುವಾಗ ಲಾವಣ್ಯಳ ಫೋಟೋ ಹಿಡಿದು ಬಂದ. ಹುಡುಗಿಯ ಮನೆಯವರು ತಾತನ ಕಾಲದಲ್ಲೇ ಆಂಧ್ರದ ಶ್ರೀಕಾಕುಳಂ ಕಡೆಯಿಂದ ಹೋಗಿ ದ್ವೀಪದಲ್ಲಿ ನೆಲೆ ನಿಂತ ತೆಲುಗಿನವರು. "ತೆಲುಗು ಬತ್ತದಲ್ಲಾ, ಸಾಕು ಬಿಡು" ಎಂದು ಅಮ್ಮ ಒಪ್ಪಿಬಿಟ್ಟಳು. ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಮಾಮೂಲಿ. ಹಾಗಾಗಿ ಭಾಷೆಯ ತಂಟೆ ಇರಲಿಲ್ಲ.

ಮದುವೆಯೂ ಆಯಿತು. ನಾಗೇಶ ಬೇತಮಂಗಲದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ಅಲ್ಲೇ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ, ಎರಡು ಸೀಮೆಹಸು ಮತ್ತು ಹೊಸ ಸೊಸೆ. ಎಲ್ಲ ಚೆನ್ನಾಗಿದೆ ಅಂದುಕೊಂಡಿದ್ದೆ, ಒಂದು ದಿನ ನಾಗೇಶನ ಫೋನ್ ಬರುವವರೆಗೆ.

"ಅಕ್ಕಾ, ಅವ್ಳು ಸರ್ಯಾಗಿ ಊಟಾನೇ ಮಾಡ್ತಿಲ್ಲ. ಕೇಳಿದ್ರೆ ಅಸಿವಿಲ್ಲ ಅಂತಾಳೆ. ಈಗ ಊರಿಗೆ ಓಗ್ಬತ್ತೀನಿ ಅಂತಾವ್ಳೆ."

"ಹೋಗಿ ಬರಲಿ ಬಿಡೋ. ತವರುಮನೆ ನೆನಪಾಗಿರುತ್ತೆ."

"ಓಗ್ಬತ್ತೀನಿ ಅಂತಾಳೆ ಅಕ್ಕಾ. ಬರೋ ತರ ಕಾಣಾಕಿಲ್ಲ."

ನಾನು ನೋಡಿಕೊಳ್ಳುತ್ತೇನೆ ಬಿಡು ಅಂದು ಫೋನ್ ಇಟ್ಟೆ.

ಆ ಹುಡುಗಿಗೆ ಮನೆ ನೆನಪಾಗಿದೆ, ಸರಿ. ಮನೆಯನ್ನು ಇಲ್ಲಿಗೆ ತರುವುದು ಹೇಗೆ? ಮೊಬೈಲ್ ತೆಗೆದೆ. ಹುಡುಕಿದೆ. ಸಿಕ್ಕಿತು, "ಐಲೆಂಡ್ ಕುಕ್ಕೀಸ್". ವೀಡಿಯೋದಲ್ಲಿ ಒಬ್ಬಾಕೆ. ಹಿಂದೆ ನೀಲಿ ಸಮುದ್ರ, ಬಿಳಿ ಮರಳು, ಎರಡು ತೆಂಗಿನಮರದ ನಡುವೆ ಬಲೆಯ ಉಯ್ಯಾಲೆ. ಕೊಬ್ಬರಿ, ಅನಾನಸ್, ನಿಂಬೆಹಣ್ಣಿನ ಸಿಪ್ಪೆ, ಮೆಕಡೇಮಿಯಾ. ಒಂದು ಕಚ್ಚಿದರೆ ಸಾಕು, ನೀವು ದ್ವೀಪದಲ್ಲೇ ಇರುತ್ತೀರಿ ಅಂದಳು ಕಣ್ಣುಮುಚ್ಚಿ. ನಾನು ನಂಬಿದೆ. ನೀವಾಗಿದ್ದರೆ ನಂಬುತ್ತಿರಲಿಲ್ಲವೇ?

ಅನಾನಸನ್ನು ಸಣ್ಣಗೆ ಹೆಚ್ಚಿ ಟೆರೇಸಿನಲ್ಲಿ ಒಣಹಾಕಿದೆ. ಕಾಗೆಗಳಿಗೆ ಹಬ್ಬ. ಉಳಿದದ್ದನ್ನು ಬಾಚಿಕೊಂಡು ಕೆಳಗೆ ಬಂದೆ. ಬೆಣ್ಣೆ, ಸಕ್ಕರೆ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಓವನ್ ನಮ್ಮನೆಯಲ್ಲಿ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೆ ತಟ್ಟೆ ಇಟ್ಟು ಬೇಯಿಸಿದೆ. ತೆಗೆದು ನೋಡಿದರೆ ಕೆಳಗೆ ಇದ್ದಿಲು, ಮೇಲೆ ಹಸಿ ಹಿಟ್ಟು.

ನಮ್ಮೆಜಮಾನರು ಒಂದನ್ನು ಎತ್ತಿ, ತಿರುಗಿಸಿ ನೋಡಿ ಕೇಳಿದರು, "ಅಂಡಮಾನಿನಲ್ಲಿ ಒಂದು ಜ್ವಾಲಾಮುಖಿ ಇದೆಯಂತಲ್ಲ, ಇದು ಆ ಕಡೆಯದಾ?"

ಇಂಥ ಗಂಡಂದಿರ ಜೊತೆಯೇ ನಾವು ಬಾಳುವೆ ಮಾಡಬೇಕು.

ಆಗ ನೆನಪಾದವನು ಕೆ.ಜಿ.ಎಫ್ ಚಿನ್ನದ ಗಣಿ ಬಳಿಯ ಕೋರಮಂಡಲ್‌ನ ಮಣಿ. ನನ್ನ ಜೊತೆ ಹೈಸ್ಕೂಲು ಓದಿದವನು, ಈಗ ಅಪ್ಪನ ಬೇಕರಿ ನೋಡಿಕೊಳ್ಳುತ್ತಾನೆ. ಗಣಿ ಮುಚ್ಚಿದರೂ ಮುಚ್ಚದ ಒಲೆ ಅದು. ಕ್ರಿಸ್‌ಮಸ್ ಹೊತ್ತಿಗೆ ಸುತ್ತಲಿನ ಗಣಿ ಲೈನುಮನೆಗಳವರೆಲ್ಲ ಕೇಕಿನ ಹಿಟ್ಟು ಕಲಸಿಕೊಂಡು, ತಟ್ಟೆ ಹಿಡಿದು ಅವನ ಅಂಗಡಿ ಮುಂದೆ ಸಾಲು ನಿಂತಿರುತ್ತಾರೆ. ಹಾಗಿರುವಾಗ ನಾನೊಬ್ಬಳು ಹೆಚ್ಚೇ? ಭಾನುವಾರ ಬೆಳಿಗ್ಗೆ ಹೊಸದಾಗಿ ಹಿಟ್ಟು ಕಲಸಿ, ಡಬ್ಬಕ್ಕೆ ತುಂಬಿ, ಬಸ್ ಹತ್ತಿದೆ. ಅಲ್ಲಿ ಬೇಯಿಸಿಕೊಂಡು ಹಾಗೇ ಬೇತಮಂಗಲದ ಕಡೆ ಹೋದರಾಯಿತು ಅಂತ ಲೆಕ್ಕ.

ಮಣಿ ಡಬ್ಬದ ಮುಚ್ಚಳ ತೆಗೆದು ಮೂಸಿದ. "ಎನ್ನಮ್ಮಾ ಇದು? ಬಿಸ್ಕತ್ತಾ, ಕೊಬ್ಬರಿ ಉಂಡೇನಾ?"

"ಐಲೆಂಡ್ ಕುಕ್ಕಿ ಕಣೋ."

"ಯಾವ ಐಲೆಂಡು?"

"ಅಂಡಮಾನ್. ನಮ್ಮ ನಾಗೇಶನ ಹೆಂಡತಿಗೆ."

"ಅಲ್ಲಿ ಇದು ಮಾಡ್ತಾರಾ?"

"ಗೊತ್ತಿಲ್ಲ ಮಣಿ."

"ಗೊತ್ತಿಲ್ದೇನೇ ಮಾಡ್ಕೊಂಡೋಗ್ತಿದ್ಯಾ?" ಅವನು ಜೋರಾಗಿ ನಕ್ಕ. "ಸೂಪರ್ ಮಾ!"

ನಕ್ಕರೂ ಕೆಲಸ ನಿಲ್ಲಿಸಲಿಲ್ಲ. ಬ್ರೆಡ್ಡು ತೆಗೆದ ಮೇಲೆ ಒಲೆಯಲ್ಲಿ ಉಳಿದಿದ್ದ ಹದವಾದ ಬಿಸಿಗೆ ನನ್ನ ತಟ್ಟೆಗಳನ್ನು ತಳ್ಳಿದ. ಸ್ವಲ್ಪ ಹೊತ್ತಿಗೆ ಆ ಬೀದಿಯೆಲ್ಲ ಕೊಬ್ಬರಿಯ ಘಮ. ಹೊರಬಂದಾಗ ಅಂಚು ಹೊಂಬಣ್ಣ, ನಡುವೆ ಮೆತ್ತಗೆ. ನನಗೇ ನಂಬಿಕೆ ಬರಲಿಲ್ಲ. ಮಣಿ ಎರಡು ತಿಂದ, ಮೂರನೆಯದನ್ನು ಜೇಬಿಗೆ ಹಾಕಿಕೊಂಡ. ಅದಕ್ಕಿಂತ ಸರ್ಟಿಫಿಕೇಟ್ ಬೇಕೇ?

ಬಸ್ಸಿನಲ್ಲಿ ಬಿಸಿ ಡಬ್ಬ ತೊಡೆಯ ಮೇಲಿತ್ತು. ಕನಸು ಕಾಣುತ್ತಾ ಹೋದೆ. ಲಾವಣ್ಯ ಒಂದು ಕಚ್ಚುತ್ತಾಳೆ. ಕಣ್ಣಲ್ಲಿ ಸಮುದ್ರ ಬರುತ್ತದೆ. "ವದಿನಾ" ಅಂತ ಅಪ್ಪಿಕೊಳ್ಳುತ್ತಾಳೆ. (ತೆಲುಗಿನವರು ಗಂಡನ ಅಕ್ಕನನ್ನು ಕರೆಯುವುದು ಹಾಗೆ.) ನನ್ನ ತಮ್ಮನ ಸಂಸಾರ ಉಳಿಯುತ್ತದೆ.

ಮನೆ ತಲುಪಿದಾಗ ಅಮ್ಮ ಕೊಟ್ಟಿಗೆಯಲ್ಲಿದ್ದಳು. ಲಾವಣ್ಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮದುವೆಯಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದಳು, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಏನೂ ಕೇಳದೆ ಡಬ್ಬ ತೆರೆದು ಹಿಡಿದೆ.

ಒಂದು ಕಚ್ಚಿದಳು. ನಿಧಾನಕ್ಕೆ ಅಗಿದಳು.

"ಬಾಗುಂದಿ ವದಿನಾ."

ಚೆನ್ನಾಗಿದೆ, ಅಷ್ಟೇ. ಮೇಷ್ಟರಿಗೆ ಒಪ್ಪಿಸುವ ದನಿಯಲ್ಲಿ. ನಾನು ಬಿಡುತ್ತೇನೆಯೇ? "ನಿಮ್ಮೂರಿನ ರುಚಿ ಬಂತಾ?" ಅಂದೆ.

ಅವಳು ಕೈಯಲ್ಲಿದ್ದ ಕುಕ್ಕಿ ನೋಡಿದಳು. ನನ್ನನ್ನು ನೋಡಿದಳು. ತುಟಿ ನಡುಗಿತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಅಂದುಕೊಂಡೆ. ಅವಳು ನಕ್ಕಳು! ಬಾಯಲ್ಲಿದ್ದ ಪುಡಿ ಹಾರುವಂತೆ ನಕ್ಕಳು. ನಕ್ಕೂ ನಕ್ಕೂ ಕೆಮ್ಮಿದಳು, ನೀರು ಕುಡಿದು ಮತ್ತೆ ನಕ್ಕಳು. (ಅವಳು ಆಡಿದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.)

"ಯಾವ ದ್ವೀಪದ್ದು ವದಿನಾ ಇದು? ನಮ್ಮಲ್ಲಿ ಟೀಗೆ ಅದ್ದಿಕೊಂಡು ತಿನ್ನೋದು ಮಾಮೂಲಿ ಗ್ಲೂಕೋಸ್ ಬಿಸ್ಕತ್ತು. ಅದೂ ಚೆನ್ನೈಯಿಂದ ಹಡಗಲ್ಲಿ ಬರಬೇಕು. ಹಡಗು ತಡವಾದ್ರೆ ಅದೂ ಇಲ್ಲ."

"ಮತ್ತೆ ಅನಾನಸ್?"

"ಉಪ್ಪು ಖಾರ ಹಚ್ಚಿಕೊಂಡು ತಿಂತೀವಿ. ಬಿಸ್ಕತ್ತಿಗೆ ಯಾಕೆ ಹಾಕ್ತೀವಿ?"

ನನಗೂ ನಗು ಬಂತು, ನಾಚಿಕೆಯೂ ಬಂತು. ನಾವು ಎಲ್ಲಿಗಾದರೂ ಹೋಗಿ "ಕೆ.ಜಿ.ಎಫ್ ಕಡೆಯವರು" ಅಂದ ಕೂಡಲೇ "ಓಹೋ, ಮನೇಲಿ ಚಿನ್ನ ಎಷ್ಟಿದೆ?" ಅನ್ನುವವರಿದ್ದಾರಲ್ಲ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ನಾನು ಮಾಡಿದ್ದೇನು? ಈ ಊರಿಗೆ ಬಂದಾಗಿನಿಂದ ಅವಳನ್ನು ನೋಡಲು ಬಂದವರೆಲ್ಲ "ಅಲ್ಲಿ ಕಾಡುಜನ ಬಾಣ ಬಿಡ್ತಾರಂತೆ?" ಎಂದೇ ಕೇಳಿದ್ದರಂತೆ. ಬಾಣ ಬಿಡುವವರ ಬಗ್ಗೆ ಕೇಳಿದರೇ ಹೊರತು ಅವಳ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

"ಹಾಗಾದ್ರೆ ನಿನಗೆ ಏನು ತಿನ್ನಬೇಕು ಅನ್ನಿಸ್ತಿದೆ, ಹೇಳು" ಅಂದೆ.

ಅವಳ ನಗು ನಿಂತಿತು. ಕೊಟ್ಟಿಗೆ ಕಡೆ ಒಮ್ಮೆ ನೋಡಿದಳು. ಆಮೇಲೆ ಪಿಸುಗುಟ್ಟಿದಳು.

"ಚೇಪಲು."

ಮೀನು!

ಒಮ್ಮೆ ಬಾಯಿ ಬಿಟ್ಟದ್ದೇ ತಡ, ಮಾತು ಕಟ್ಟೆಯೊಡೆದು ಬಂತು. ಅವಳಪ್ಪ ಮೀನು ಹಿಡಿಯುವ ದೋಣಿಯವರು. ಹುಟ್ಟಿದಾಗಿನಿಂದ ಮೀನಿಲ್ಲದೆ ಅನ್ನ ಉಂಡು ಗೊತ್ತಿಲ್ಲ. ಇಲ್ಲಿಗೆ ಬಂದ ದಿನವೇ ನಾಗೇಶ ಹೇಳಿದನಂತೆ: ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೀನು, ಮಾಂಸ ಬಿಟ್ಟಿದ್ದಾಳೆ, ಮನೆಯಲ್ಲಿ ಆ ಮಾತೇ ಎತ್ತಬೇಡ. ಎತ್ತಲಿಲ್ಲ. ಇಲ್ಲಿಗೆ ಬರುವಾಗ ಅವಳಮ್ಮ ಕಟ್ಟಿಕೊಟ್ಟಿದ್ದ ಒಣಮೀನು ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ, ಕವರಿನ ಮೇಲೆ ಕವರು ಸುತ್ತಿಕೊಂಡು ಹಾಗೇ ಕೂತಿದೆ. ಎಲ್ಲರೂ ಮಲಗಿದ ಮೇಲೆ ಒಮ್ಮೊಮ್ಮೆ ಸೂಟ್‌ಕೇಸ್ ತೆಗೆದು ಮೂಸುತ್ತಾಳಂತೆ.

"ವಾಸನೆ ಬಂದ್ರೆ ಅತ್ತೆಗೆ ಬೇಜಾರಾಗುತ್ತೆ ಅಂತ ಬೇಗ ಮುಚ್ಚಿಬಿಡ್ತೀನಿ" ಎಂದು ಕಣ್ಣೊರೆಸಿಕೊಂಡಳು.

"ವಾಸ್ನೆ ಬರಾಕಿಲ್ಲ ಅಂದ್ಕೊಂಡಿದ್ಯಾ?"

ಇಬ್ಬರೂ ಬೆಚ್ಚಿ ತಿರುಗಿದೆವು. ಹಾಲಿನ ಕ್ಯಾನು ಹಿಡಿದು ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ!

"ನೀನು ಬಂದಾಗ್ನಿಂದ ಪಕ್ಕದ್ಮನೆ ಬೆಕ್ಕು ನಿನ್ ರೂಮಿನ್ ಬಾಗ್ಲು ಬಿಟ್ಟು ಓಗಿಲ್ಲ. ನಂಗೊತ್ತಾಗಾಕಿಲ್ವಾ?"

ಲಾವಣ್ಯಳ ಮುಖ ಬಿಳಿಚಿಹೋಯಿತು. ನಾನೇ ಕೇಳಿದೆ, "ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?"

"ಎಂಗೆ ಕೇಳಾದು? ಒಸ ಸೊಸೆ. ನಿನ್ ಪೆಟ್ಟಿಗೆ ನಾರ್ತೈತೆ ಕಣಮ್ಮಾ ಅಂತ ಕೇಳಾಕಾಯ್ತದಾ? ಅವ್ರಮ್ಮ ಕಟ್ಕೊಟ್ಟಿರೋದು. ಅವ್ಳಾಗೇ ತೆಗೀಲಿ, ಅವ್ಳಾಗೇ ಏಳ್ಲಿ ಅಂತ ಕಾಯ್ತಾ ಇದ್ದೆ."

ನೋಡಿ, ಹೇಗಿದೆ! ಅತ್ತೆಗೆ ಬೇಜಾರಾಗಬಾರದೆಂದು ಸೊಸೆ ಮುಚ್ಚಿಟ್ಟಳು. ಸೊಸೆಗೆ ಅವಮಾನವಾಗಬಾರದೆಂದು ಅತ್ತೆ ಕೇಳಲಿಲ್ಲ. ಇಬ್ಬರ ಒಳ್ಳೆಯತನದ ನಡುವೆ ಆ ಹುಡುಗಿ ಸೊರಗಿ ಕಡ್ಡಿಯಾಗಿದ್ದಳು. ಜಗಳ ಆಡುವ ಅತ್ತೆ ಸೊಸೆಯರ ಮನೆಯಲ್ಲಿ ಇಂಥ ತೊಂದರೆ ಇರುವುದಿಲ್ಲ. ಅಲ್ಲಿ ಎಲ್ಲ ಮೊದಲ ವಾರದಲ್ಲೇ ಹೊರಬಿದ್ದಿರುತ್ತದೆ.

ಊಟದ ಹೊತ್ತಿಗೆ ಅಂಗಡಿಯಿಂದ ಬಂದ ನಾಗೇಶನಿಗೆ ಬಾಗಿಲಲ್ಲೇ ಪೂಜೆ.

"ಲೇ ನಾಗೇಶ, ನಾನು ಮೀನು ಬಿಟ್ಟಿದ್ದು ನನ್ನ ಬಾಯ್ಗೆ ಕಣ್ಲಾ. ನಿನ್ನೆಂಡ್ತಿ ಬಾಯ್ಗೂ ಬೀಗ ಆಕು ಅಂತ ನಾನ್ಯಾವಾಗ ಏಳ್ದೆ?"

"ನಿಂಗೆ ಬೇಜಾರಾಗ್ತದೆ ಅಂತ..."

"ನನ್ನ ಕೇಳಿದ್ಯಾ?"

ಇಲ್ಲ. ಅವನೂ ಕೇಳಿರಲಿಲ್ಲ.

"ಓಗು, ಇತ್ಲಲ್ಲಿ ಮೂರು ಕಲ್ಲು ಜೋಡ್ಸು" ಅಂದಳು ಅಮ್ಮ.

ಹಿತ್ತಲಲ್ಲಿ ಒಲೆ ಹತ್ತಿತು. ಗಿಡದಿಂದ ಎಳೆ ಬದನೆಕಾಯಿ ಕಿತ್ತು ತಂದದ್ದು ನಾನು. ಒಣಮೀನು ಬಾಣಲೆಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿ ಬಂತು. ಅಮ್ಮ ಹೊಗೆ ಬಾರದ ಕಡೆಗೆ ಮಣೆ ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು, ಈರುಳ್ಳಿ ಹೆಚ್ಚಿಕೊಟ್ಟಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಉಪ್ಪಾಕ್ಬೇಡ, ಮೀನಾಗೇ ಇರ್ತದೆ. ಉಣ್ಸೇಹಣ್ಣು ಇನ್ನೊಂದು ಚೂರು ಬಿಡು."

"ಬೇಡ ಅತ್ತಾ, ಚಾಲು" ಅಂದಳು ಲಾವಣ್ಯ. ಸಾಕು ಅಂತ.

"ಎಂಗೆ ಸಾಕಾಯ್ತದೆ? ನಾಗೇಶನಪ್ಪಂಗೆ ನಾನು ಮಾಡಾಕ್ತಿದ್ದಿಲ್ವಾ?"

"ನಮ್ಮ ಕಡೆ ಇಷ್ಟೇ ಹಾಕೋದು ಅತ್ತಾ!"

ಸೊಸೆಯ ದನಿ ಏರಿತ್ತು. ಬಾಣಲೆಯ ಮೇಲೆ ಅಡ್ಡ ಕೈ ಹಿಡಿದಿದ್ದಳು. ನಾಗೇಶ ಹೆದರಿ ನನ್ನ ಕಡೆ ನೋಡಿದ. "ಸುಮ್ನಿರೋ, ಒಳ್ಳೇದಾಗ್ತಿದೆ" ಅಂದೆ.

ಅವತ್ತು ಲಾವಣ್ಯ ಉಂಡದ್ದನ್ನು ನೀವು ನೋಡಬೇಕಿತ್ತು. ತಟ್ಟೆಯಿಂದ ತಲೆ ಎತ್ತಲಿಲ್ಲ. ಮೂರನೆಯ ಸಲ ಅನ್ನ ಬಡಿಸಿಕೊಂಡಾಗ ಅಮ್ಮ ಒಳಗೆ ಹೋಗಿ ತನ್ನ ಪಾಲಿನ ಅವರೆಕಾಳು ಸಾರಿನ ತಟ್ಟೆ ತಂದು ಅವಳ ಪಕ್ಕದಲ್ಲೇ ಕೂತಳು. ಸೆರಗು ಮೂಗಿನಿಂದ ಇಳಿದಿತ್ತು.

ಊರಿಗೆ ಹೋಗುವ ಮಾತು ಏನಾಯಿತು ಅಂತೀರಾ? ಹೋಗುತ್ತಿದ್ದಾಳೆ, ಮುಂದಿನ ತಿಂಗಳು. ಆದರೆ ಒಬ್ಬಳೇ ಅಲ್ಲ. ಜೊತೆಗೆ ಅಮ್ಮನೂ ಹೊರಟಿದ್ದಾಳೆ! ಬೇತಮಂಗಲದ ಕೆರೆಗಿಂತ ದೊಡ್ಡ ನೀರು ನೋಡದವಳು, ಬೀಗರ ಮನೆಗೆ ಹಡಗಿನಲ್ಲೇ ಹೋಗಬೇಕೆಂದು ಹಠ ಹಿಡಿದಿದ್ದಾಳೆ. ಹಸು ಯಾರು ಕರೆಯುತ್ತಾರೆ ಅಂದರೆ "ಇದಾನಲ್ಲ, ನನ್ ಮಗ" ಅಂತಾಳೆ. ನಾಗೇಶ ಈಗ ದಿನಾ ಬೆಳಿಗ್ಗೆ ಅಮ್ಮನ ಕಣ್ಗಾವಲಲ್ಲಿ ಹಾಲು ಕರೆಯುವುದನ್ನು ಕಲಿಯುತ್ತಿದ್ದಾನೆ. ಒಂದು ಹಸು ಒಪ್ಪಿದೆ, ಇನ್ನೊಂದು ಒದ್ದಿದೆ.

ನಿನ್ನೆ ಅಮ್ಮನ ಫೋನು. "ಆ ಬಿಸ್ಕತ್ತು ಇನ್ನೊಂದ್ಸಲ ಮಾಡ್ಕೊಡು. ಬೀಗರ ಮನೇಗೆ ಬರೀ ಕೈಯಾಗೆ ಓಗಾಕಾಯ್ತದಾ?"

"ದ್ವೀಪದವರಿಗೇ ದ್ವೀಪದ ಕುಕ್ಕಿ ಯಾಕಮ್ಮ? ನಗ್ತಾರೆ."

"ದ್ವೀಪದ್ದು ಅಂತ ಯಾಕೇಳ್ಲಿ? ಇದು ನಮ್ಮೂರ್ದು ಅಂತ ಏಳ್ತೀನಿ."

ಹೇಳಲಿ ಬಿಡಿ. ಕೋರಮಂಡಲ್ ಒಲೆಯಲ್ಲಿ ಬೆಂದದ್ದು ಇನ್ಯಾವ ಊರಿನದಾಗಬೇಕು?