ಒರಳುಕಲ್ಲಿನ ತಿರುವು

ನನಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರೂ ಬರುವುದಿಲ್ಲ. ಸೈಕಲ್ಲನ್ನು ಮಾತ್ರ, ಎದುರಿಗೆ ಯಾರೂ ಬಾರದಿದ್ದರೆ, ತಕ್ಕಮಟ್ಟಿಗೆ ತುಳಿಯುತ್ತೇನೆ. ಇಂಥ ನಾನು ಒಂದು ಕಾರಿನ ಅಪಘಾತ ಮಾಡಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಮಾಡಿದ್ದು ಹೆದ್ದಾರಿಯಲ್ಲಲ್ಲ, ತೆರಕಣಾಂಬಿಯ ನನ್ನ ಮಾವನ ಮನೆಯ ನಡುಮನೆಯಲ್ಲಿ. ಅದೂ ಹಾಡುಹಗಲು, ಹೆಂಡತಿ ಮತ್ತು ಅತ್ತೆಯ ಕಣ್ಣೆದುರಿಗೇ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಚಾಮರಾಜನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅಂದರೆ ಮಾವನ ಮನೆಯಲ್ಲಿ ನನಗೆ ಬೆಳ್ಳಿ ಲೋಟದಲ್ಲಿ ಕಾಫಿ ಕೊಡುವುದು ನಿಂತು ಸ್ಟೀಲ್ ಲೋಟ ಶುರುವಾಗಿತ್ತು. ಆದರೆ ಕುಡಿದ ಲೋಟವನ್ನು ನಾನೇ ತೊಳೆಯಲು ಹೋದರೆ ಅತ್ತೆ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. ಅಳಿಯತನದ ಈ ನಡುಗಾಲ ಬಹಳ ಇಕ್ಕಟ್ಟಿನದು. ನೆಂಟನೂ ಅಲ್ಲ, ಮನೆಯವನೂ ಅಲ್ಲ.

ಮಾವ ಮಲ್ಲಪ್ಪನವರು ಬಸ್ ಡ್ರೈವರು. ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಓಡುವ ಒಂದು ಖಾಸಗಿ ಬಸ್ಸಿನ ಸ್ಟೇರಿಂಗನ್ನು ಇಪ್ಪತ್ತೆಂಟು ವರ್ಷ ಹಿಡಿದವರು. ಒಂದು ಕೋಳಿಮರಿಯ ಮೇಲೂ ಚಕ್ರ ಹತ್ತಿಸಿದವರಲ್ಲ. ಗೋಪಾಲಸ್ವಾಮಿ ಬೆಟ್ಟದ ತಿರುವಿನಲ್ಲಿ ಆನೆ ಎದುರಾದಾಗ ಮದುವೆ ದಿಬ್ಬಣದ ಬಸ್ಸನ್ನು ಹಿಂದುಹಿಂದಕ್ಕೇ ಇಳಿಸಿಕೊಂಡು ಬಂದರೆಂದೂ, ಒಳಗಿದ್ದವರ ತಾಂಬೂಲದ ತಟ್ಟೆ ಕೂಡ ಅಲುಗಲಿಲ್ಲವೆಂದೂ ಸುತ್ತಲ ಹಳ್ಳಿಗಳಲ್ಲಿ ಪ್ರತೀತಿ. ಬಸ್ಸಿನ ಮಾಲೀಕರು ಒಂದು ಶಾಲು ಹೊದಿಸಿ ‘ಅಪಘಾತರಹಿತ ಚಾಲಕ’ ಎಂಬ ಬರಹವಿದ್ದ ಕಾಗದವನ್ನು ಕೊಟ್ಟಿದ್ದರು. ಅದು ಫ್ರೇಮಿನೊಳಗೆ ಕೂತು ನಡುಮನೆಯನ್ನು ಆಳುತ್ತಿತ್ತು. ಮಾವನ ಪ್ರಕಾರ ಗಂಡಸರಲ್ಲಿ ಎರಡೇ ಜಾತಿ: ಸ್ಟೇರಿಂಗ್ ಹಿಡಿದವರು ಮತ್ತು ಸೀಟಿನಲ್ಲಿ ಕೂತವರು. ನಾನು ಯಾವ ಜಾತಿ ಎಂದು ಬೇರೆ ಹೇಳಬೇಕಿಲ್ಲ.

ಆ ಫ್ರೇಮಿನ ಕೆಳಗೆ ಗಾಜಿನ ಶೋಕೇಸು, ಅದರೊಳಗೆ ನಮ್ಮ ಕಥಾನಾಯಕ. ಒಂದು ಗೇಣು ಉದ್ದದ, ಕೈಯಲ್ಲಿ ರಿಮೋಟ್ ಹಿಡಿದು ದೂರ ನಿಂತು ಓಡಿಸುವ ಹಸಿರು ಕಾರು. ಹದಿಮೂರು ವರ್ಷದ ಹಿಂದೆ, ಮಾವನ ಗೆಳೆಯ ಗುಂಡ್ಲುಪೇಟೆಯ ಬೇಕರಿ ಕೋಯಾ ಅವರು ಗಲ್ಫಿಗೆ ಹೋಗಿ ಬರುವಾಗ ತಂದುಕೊಟ್ಟದ್ದು. ಮಾವನ ಬಸ್ಸೂ ಹಸಿರು, ಕಾರೂ ಹಸಿರು. “ನನ್ ಬಸ್ಸಿನ ಬಣ್ಣಾನೆ ಬೇಕು ಅಂತ ಅಂಗ್ಡಿ ಅಂಗ್ಡಿ ಅಲ್ದು ತಂದವ್ನೆ ಪುಣ್ಯಾತ್ಮ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಜೀವಮಾನವೆಲ್ಲ ಪರರ ಬಸ್ಸು ಓಡಿಸಿದವರಿಗೆ ಸ್ವಂತದ್ದೆಂದು ಇದ್ದ ವಾಹನ ಅದೊಂದೇ.

ವಾಹನ ಎಂದಮೇಲೆ ಆಯುಧಪೂಜೆ ಬೇಡವೇ? ವರ್ಷಕ್ಕೊಂದು ಸಲ ಕಾರನ್ನು ಇಳಿಸಿ, ಮೂತಿಗೆ ಮೂರೆಳೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆಯ ಒಂದೇ ಒಂದು ಹೂವನ್ನು ಹಾರದ ಬದಲು ಸಿಕ್ಕಿಸುತ್ತಿದ್ದರು. ಚಕ್ರದ ಕೆಳಗೆ ಮೊದಲ ವರ್ಷ ನಿಂಬೆಹಣ್ಣನ್ನೇ ಇಟ್ಟಿದ್ದರಂತೆ. ಚಕ್ರಕ್ಕಿಂತ ಹಣ್ಣೇ ದೊಡ್ಡದಾಗಿ ಕಾರು ಅದನ್ನು ಹತ್ತಲಾರದೆ ನಿಂತಲ್ಲೇ ಗೊರಗೊರ ಅಂದಿತಂತೆ. ಅಲ್ಲಿಂದಾಚೆ ನಾಲ್ಕು ಸುಂಡೆಕಾಯಿ. ಅವನ್ನು ಪಚಕ್ಕನೆ ಅರೆದು ಕಾರು ನಡುಮನೆಯಲ್ಲಿ ಮೂರು ಮಾರು ಮುಂದಕ್ಕೆ ಹೋಗುತ್ತಿತ್ತು. ಮಾವ ಎದ್ದು ಹೋಗಿ, ಕೈಯಲ್ಲೇ ಎತ್ತಿಕೊಂಡು ಬಂದು, ಸೆಲ್ಲು ಬಿಚ್ಚಿ, ಒಳಗಿಟ್ಟು ಬೀಗ ಹಾಕುತ್ತಿದ್ದರು. ಮುಂದಕ್ಕೆ ಹೋದ ಕಾರನ್ನು ಅವರು ಯಾಕೆ ಓಡಿಸಿಕೊಂಡು ವಾಪಸ್ ತರುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷ ದಸರಾ ರಜೆಗೆ ನಾವು ತೆರಕಣಾಂಬಿಗೆ ಹೋದಾಗ ಮಾವ ಯಾತ್ರಾರ್ಥಿಗಳ ಬಸ್ಸು ಹೊಡೆದುಕೊಂಡು ಮಧುರೆ, ರಾಮೇಶ್ವರದ ಕಡೆ ಹೋಗಿದ್ದರು. ಬರುವುದು ಆಯುಧಪೂಜೆಯ ಹಿಂದಿನ ದಿನ. ಶೋಕೇಸಿನ ಬೀಗದ ಕೈ ಸಾಸಿವೆ ಡಬ್ಬಿಯಲ್ಲಿರುವ ಗುಟ್ಟನ್ನು ನನ್ನ ಹೆಂಡತಿ ಸುಮ, ಹೆಂಡತಿಯರು ಇಂಥದ್ದನ್ನು ಬಿಟ್ಟುಕೊಡುವ ಹಾಗೆ, ಬೇರೆ ಏನೋ ಹೇಳುತ್ತ ಬಿಟ್ಟುಕೊಟ್ಟಳು. ಅಂಗಡಿಯಿಂದ ಹೊಸ ಸೆಲ್ಲು ತಂದೆ. ಕಾರು ಹೊರಟೇಬಿಟ್ಟಿತು! ಬಾಗಿಲವರೆಗೆ ನೆಟ್ಟಗೆ ಹೋಯಿತು, ಚೆಂದವಾಗಿ ತಿರುಗಿತು. ನನ್ನ ಕಡೆಗೆ ಬರತೊಡಗಿತು. ಮೂಲೆಯಲ್ಲಿ ನೆಲಕ್ಕೆ ಹೂತಿದ್ದ ಒರಳುಕಲ್ಲು ಹತ್ತಿರವಾಯಿತು. ತಪ್ಪಿಸಲೆಂದು ಬಲಕ್ಕೆ ಒತ್ತಿದೆ. ಕಾರು ಎಡಕ್ಕೆ ಹೋಯಿತು. ಇನ್ನಷ್ಟು ಬಲಕ್ಕೆ ಒತ್ತಿದೆ. ಇನ್ನಷ್ಟು ಎಡಕ್ಕೆ ಹೋಗಿ ನೇರ ಒರಳುಕಲ್ಲಿಗೆ ಡಿಕ್ಕಿ ಹೊಡೆದು ಮಗುಚಿಕೊಂಡಿತು. ಮೂತಿ ಸೀಳಿತ್ತು. ನೆಲದ ತುಂಬ ಹಸಿರು ಬಣ್ಣದ ಚಕ್ಕೆ.

ಸುಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವುದಕ್ಕೋ ನಗುವುದಕ್ಕೋ ಆಗ ತಿಳಿಯಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾರನ್ನೂ ಕಲ್ಲನ್ನೂ ಒಮ್ಮೆ ನೋಡಿ, “ಆ ಕಲ್ಲ ಕೀಳ್ಸಿ ಇತ್ಲಿಗೆ ಆಕ್ಸಿ ಅಂತ ಆಗಿಂದ ಬಡ್ಕತಾವ್ನಿ” ಎಂದು ಒಳಗೆ ಹೋದರು. ಅಳಿಯ ತಪ್ಪು ಮಾಡಿದಾಗ ಕಲ್ಲನ್ನು ಬೈಯುವುದು ನಮ್ಮ ಕಡೆಯ ಮರ್ಯಾದೆ ಎಂದುಕೊಂಡೆ.

ಮಾವ ಬರಲು ಇನ್ನು ಎಂಟು ದಿನ. ಬೈಯುತ್ತಾರೆಂಬ ಹೆದರಿಕೆ ನನಗಿರಲಿಲ್ಲ. ಬೈಯುವುದಿಲ್ಲ, ಸುಮ್ಮನೆ ಒಮ್ಮೆ ನೋಡುತ್ತಾರೆ. ಆಮೇಲೆ ಮತ್ತೆ ಬೆಳ್ಳಿ ಲೋಟದಲ್ಲಿ ಕಾಫಿ ಕೊಡಿಸುತ್ತಾರೆ, ಸಾಯುವವರೆಗೂ.

ಕಾರಿನ ಮೇಲ್ಕವಚವನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಂಡು ಚಾಮರಾಜನಗರಕ್ಕೆ ಬಂದೆ. ಹೊಸದಾಗಿ ಬಣ್ಣ ಬಳಿಯೋಣವೆಂದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆಯುತ್ತ ಕೂತರೆ ಹಸಿರು ಹಪ್ಪಳದಂತೆ ಏಳುತ್ತ ಹೋಯಿತು. ಕೆಳಗೆ ಕೆಂಪು! ಗಾಜಿನ ಹಾಗೆ ಹೊಳೆಯುವ, ಮದುವೆ ಸೀರೆಯ ಕೆಂಪು. ಆ ಕೆಂಪನ್ನೂ ಕೆರೆಯಲು ನೋಡಿದೆ, ಬರಲಿಲ್ಲ. ದಿಕ್ಕು ತೋಚದೆ ಫೋಟೋ ಫ್ರೇಮ್ ಅಂಗಡಿಯ ನಂಜುಂಡಾಚಾರ್ರ ಬಳಿಗೆ ಹೋದೆ. ಅವರು ಗಾಜಿನ ಮೇಲೆ ದೇವರ ಪಟ ಬರೆಯುವ ಹಳೇ ಕೈ. ಕವಚವನ್ನು ಬಿಸಿಲಿಗೆ ಹಿಡಿದರು, ಬೋರಲು ಹಾಕಿದರು, ಒಳಗೆ ಬೆರಳಾಡಿಸಿದರು.

“ಕೆಂಪು ಎಲ್ ಕಿತ್ತಾದು ಸಾ? ಇದು ಒಳಗಡೆಯಿಂದ ಬಳ್ದಿರೋ ಬಣ್ಣ. ಕವಚ ಗಾಜಿನಂಗೆ ತಿಳಿ. ನಾವ್ ಕೃಷ್ಣನ ಪಟ ಬರೀತೀವಲ್ಲ ಅಂಗೇ. ಮೊದ್ಲು ಕಣ್ಗುಡ್ಡೆ, ಆಮೇಲೆ ಮಖ, ಕಟ್ಟಕಡೀಕೆ ಹಿಂದ್ಗಡೆ ಬಣ್ಣ. ಎಲ್ಲ ಉಲ್ಟಾ. ಈ ಹಸ್ರು ಅದೆಯಲ್ಲ, ಇದ ಯಾರೋ ತಿಳೀದೋರು ಮೇಲ್ಗಡೆ ಮೆತ್ತವ್ರೆ. ಬಸ್ಸಿಗೆ ಒಡಿಯೋ ಪೇಂಟು.”

“ಯಾಕೆ ಮೆತ್ತಿದರು?” ಎಂದೆ.

“ಇಲ್ ನೋಡಿ.” ಒಳಗಡೆ, ಮೂತಿಯ ಬಳಿ, ಹಳದಿಗಟ್ಟಿದ ಎಂಸೀಲಿನ ತೇಪೆಯೊಂದಿತ್ತು. ಅದರ ಪಕ್ಕದಲ್ಲೇ ನನ್ನ ಸೀಳು. “ಇದು ಹಳೇ ಗಾಯ, ಇದು ನಿಮ್ದು. ನಿಮ್ಗಿಂತ ಮೊದ್ಲೇ ಒಬ್ರು ಗುದ್ದವ್ರೆ ಸಾ. ಅದೇ ಜಾಗಕ್ಕೆ.”

ನಾನು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಕಾರನ್ನು ಮುಟ್ಟುವ ಹಕ್ಕು ಆ ಮನೆಯಲ್ಲಿ ಇದ್ದದ್ದು ಒಬ್ಬರಿಗೇ. ಅತ್ತೆ ಕಲ್ಲನ್ನು ಬೈದದ್ದು ಯಾಕೆಂದು ಈಗ ತಿಳಿಯಿತು. ಇಪ್ಪತ್ತೆಂಟು ವರ್ಷದ ಅಪಘಾತರಹಿತ ಚಾಲಕರು, ಆನೆಗೆ ಹೆದರದವರು, ಒರಳುಕಲ್ಲಿನ ತಿರುವಿನಲ್ಲಿ ಸಿಕ್ಕಿಬಿದ್ದಿದ್ದರು! ಮೊದಲು ಬಂದದ್ದು ನಗು. ಹಿಂದೆಯೇ, ಯಾಕೋ, ಬಹಳ ಪ್ರೀತಿ ಬಂತು. ಆ ಮನುಷ್ಯ ಯಾವುದೋ ಮಧ್ಯಾಹ್ನ ಒಬ್ಬರೇ ಕೂತು, ಡ್ಯೂಟಿಯ ಖಾಕಿಯಲ್ಲೇ, ಬಸ್ಸಿನ ಪೇಂಟಿನ ಡಬ್ಬಿಗೆ ಬ್ರಷ್ಷು ಅದ್ದಿ ಸಾಕ್ಷ್ಯ ಮುಚ್ಚುತ್ತಿರುವುದು ಕಣ್ಣಿಗೆ ಕಟ್ಟಿತು.

ಆಚಾರ್ರು ಹೇಳಿದ್ದು ಸರಿಯಾಗಿಯೇ ಇತ್ತು: “ಹಸ್ರು ಯಾಕೆ, ಕೆಂಪೇ ಇರ್ಲಿ ಬುಡಿ. ಅಸಲು ಅದೇ ಅಲ್ವಾ?”

ಇಲ್ಲಿ ನನ್ನೊಳಗಿನ ಕನ್ನಡ ಮೇಷ್ಟ್ರು ಎದ್ದು ಕೂತ. ಹಳೆಯ ಓಲೆಗರಿಗಳನ್ನು ಸಂಪಾದಿಸುವವರಿಗೆ ಇದೇ ತಲೆನೋವು. ಒಬ್ಬ ಲಿಪಿಕಾರ ನಕಲು ಮಾಡುವಾಗ ತಪ್ಪುತ್ತಾನೆ, ಇನ್ನೊಬ್ಬ ಆ ತಪ್ಪನ್ನು ತಿದ್ದಲು ಹೋಗಿ ತನ್ನದೇ ನಾಲ್ಕು ಸಾಲು ಸೇರಿಸುತ್ತಾನೆ. ವಿದ್ವಾಂಸರು ಬಂದು ‘ಇದು ಮೂಲ, ಇದು ಪ್ರಕ್ಷಿಪ್ತ’ ಎಂದು ಬೇರ್ಪಡಿಸುತ್ತಾರೆ. ನಾನೂ ತರಗತಿಯಲ್ಲಿ ಮೂಲದ ಪರವಾಗಿ ಮೇಜು ಗುದ್ದಿ ಮಾತಾಡಿದವನೇ. ಆ ಲೆಕ್ಕಕ್ಕೆ ಕೆಂಪು ಮೂಲ, ಹಸಿರು ಪ್ರಕ್ಷಿಪ್ತ, ಎಂಸೀಲು ಅಂತಃಸಾಕ್ಷ್ಯ. ಆದರೆ ಜನ ಹದಿಮೂರು ವರ್ಷ ಕೈಮುಗಿದದ್ದು ಪ್ರಕ್ಷಿಪ್ತಕ್ಕೇ. ಪೂಜೆಯ ದಿನ ನೆರೆಹೊರೆಯವರೆಲ್ಲ ಸೇರಿದಾಗ ಶೋಕೇಸಿನಿಂದ ಕೆಂಪು ಕಾರು ಇಳಿದರೆ ಏನಾಗುತ್ತದೆ? ನನ್ನ ಒಂದು ಗಾಯ ಮುಚ್ಚಲು ಹೋಗಿ ಅವರ ಗಾಯವನ್ನು ಊರಿಗೆ ತೋರಿಸಿದಂತಾಗುತ್ತದೆ. ಮೇಲಿರುವ ಆ ಫ್ರೇಮು ಮೊಳೆಯಲ್ಲಿ ನಿಲ್ಲುತ್ತದೆಯೇ?

“ಹಸಿರೇ ಬಳಿಯೋಣ ಆಚಾರ್ರೇ” ಎಂದೆ. “ಹೊರಗಡೆಯಿಂದ. ತಿಳಿಯದವರು ಬಳಿದ ಹಾಗೆ.”

ಆಚಾರ್ರು ನನ್ನ ಮುಖವನ್ನು ಅನುಮಾನದಿಂದ ನೋಡಿ, “ಅಂಗಾರೆ ನೀವೇ ಬಳೀರಿ” ಎಂದು ಬ್ರಷ್ಷು ಕೊಟ್ಟರು.

ಯಾವ ಹಸಿರು? ಅಂಗಡಿಯಲ್ಲಿ ಗಿಳಿಹಸಿರು, ಎಲೆಹಸಿರು, ಪಾಚಿಹಸಿರು ಎಲ್ಲ ಇದ್ದವು. ಮಾವನ ಹಸಿರು ಇರಲಿಲ್ಲ. ಬಸ್ಸಿಗೆ ಬಳಿದು ಉಳಿದದ್ದನ್ನು ಮಾವ ವರ್ಷವರ್ಷ ಮನೆಗೆ ತಂದು ಕಿಟಕಿ, ಟ್ರಂಕು, ಸ್ಟೂಲು, ಬಾವಿಯ ರಾಟೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಬಳಿದಿದ್ದರು. “ನಮ್ಮನೇಲಿ ಹಸಿರಾಗ್ದೆ ಉಳ್ಕೊಂಡಿರೋದು ನಾನು, ಅವ್ವ ಇಬ್ರೇ” ಎನ್ನುತ್ತಿದ್ದಳು ಸುಮ. ಹಾಗಾಗಿ ಬಣ್ಣ ಹೊಂದಿಸಲು ತೆರಕಣಾಂಬಿಗೆ ಹೋಗಿ ಒಂದು ಹಸಿರು ಸ್ಟೂಲನ್ನೇ ಎತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನ್ನನ್ನೂ ಸ್ಟೂಲನ್ನೂ ನೋಡಿ, “ಏನ್ ಸಾ, ಸೀಟು ಸಿಕ್ಕಾಕಿಲ್ಲ ಅಂತ ಮನೆಯಿಂದ್ಲೇ ತಂದ್ಬುಟ್ರಾ?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಮಾವನ ಮರ್ಯಾದೆ ಉಳಿಸಲು ಹೊರಟವನು ತನ್ನದನ್ನು ಮನೆಯಲ್ಲೇ ಬಿಟ್ಟು ಬರುವುದು ವಾಸಿ.

ಎಂಸೀಲಿನ ತೇಪೆಯ ಪಕ್ಕ ನನ್ನದೂ ಒಂದು ತೇಪೆ ಹಾಕಿದೆ. ಮೂರು ದಿನ ಹಸಿರು ಬಳಿದೆ. ಚೆನ್ನಾಗಿ ಬಳಿಯುವುದು ಕಷ್ಟವೆಂದು ಕೇಳಿದ್ದೆ. ಇನ್ನೊಬ್ಬರ ಹಾಗೆ ಕೆಟ್ಟದಾಗಿ ಬಳಿಯುವುದು ಅದಕ್ಕಿಂತ ಕಷ್ಟ. ಕಾರಿನ ಬಾಗಿಲ ಬಳಿ ಬಣ್ಣ ಸೋರಿ ನಿಂತಿದ್ದ ಎರಡು ಹನಿಗಳನ್ನು ನೆನಪಿಟ್ಟುಕೊಂಡು ಅಲ್ಲಲ್ಲೇ ಸೋರಿಸಿದೆ. ಹಳೆಯ ಕುಂಕುಮದ ಕಲೆಯನ್ನೂ ಮೂಡಿಸಿದೆ. ಮಾವ ಬರುವ ಹೊತ್ತಿಗೆ ಕಾರು ಶೋಕೇಸಿನಲ್ಲಿತ್ತು, ಬೀಗದ ಕೈ ಸಾಸಿವೆಯಲ್ಲಿತ್ತು, ನನ್ನ ಜೀವ ಕೈಯಲ್ಲಿತ್ತು.

ಆಯುಧಪೂಜೆಯ ದಿನ ನೆರೆಯವರೆಲ್ಲ ಸೇರಿದ್ದರು. ಮಾವ ಕಾರನ್ನು ಇಳಿಸಿ ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದರು. ಕೈ ತಡೆಯಿತು. ಹೆಬ್ಬೆರಳನ್ನು ಕಾರಿನ ನೆತ್ತಿಯ ಮೇಲೆ ನಿಧಾನವಾಗಿ ಆಡಿಸಿದರು. ಪಕ್ಕದಲ್ಲಿ ಗಂಟೆ ಹಿಡಿದು ಕೂತಿದ್ದ ನನ್ನ ಕಡೆ ಬಾಗಿ, ಮಂತ್ರ ಹೇಳುವ ದನಿಯಲ್ಲಿ ಕೇಳಿದರು:

“ಕೂದ್ಲೆಲ್ಲಿ?”

“ಏನು ಮಾವ?”

“ಇಲ್ಲಿ ಬ್ರಸ್ಸಿನ ಕೂದ್ಲೊಂದು ಬಣ್ಣಕ್ಕೆ ಅಂಟ್ಕಂಡಿತ್ತು. ಹದಿಮೂರು ವರ್ಸದಿಂದ ಅಲ್ಲೇ ಇತ್ತು.”

ನಾನು ಗಂಟೆ ಬಾರಿಸತೊಡಗಿದೆ.

“ಗಂಟೆ ನಿಲ್ಸಿ. ಒರಳುಕಲ್ಲಾ, ಹೊಸ್ಲಾ?”

“ಒರಳುಕಲ್ಲು ಮಾವ.”

“ಓಗೋವಾಗ್ಲಾ, ಬರೋವಾಗ್ಲಾ?”

“ಬರುವಾಗ.”

ಮಾವ ತಲೆಯಾಡಿಸಿದರು. ಕರ್ಪೂರ ಹಚ್ಚುತ್ತ, ಯಾರಿಗೂ ಕೇಳದಂತೆ ಹೇಳಿದರು: “ಓಗೋವಾಗ ಏನೂ ಆಗಾಕಿಲ್ಲ. ನಮ್ ಕಡೀಕ್ ತಿರುಗ್ತು ಅಂದ್ರೆ ಅದ್ರ ಬಲ ನಮ್ಗೆ ಎಡ ಆಯ್ತದೆ. ಒಳೀಕ್ ಕೂತು ಓಡ್ಸ್ದೋನ್ಗೆ, ಆಚೆ ನಿಂತು ಓಡ್ಸೋದು ಬರಾಕಿಲ್ಲ ಅಳಿಯಂದ್ರೆ. ನಂಗೂ ಬರ್ನಿಲ್ಲ.”

ಮಂಗಳಾರತಿಯಾಯಿತು. ಸುಂಡೆಕಾಯಿ ಇಟ್ಟರು. ಪ್ರತಿ ವರ್ಷ ತಾವೇ ಹಿಡಿಯುತ್ತಿದ್ದ ರಿಮೋಟನ್ನು ಎಲ್ಲರೆದುರು ನನ್ನ ಕೈಗೆ ಕೊಟ್ಟು, “ಈ ಸಲ ನೀವ್ ಬುಡಿ” ಎಂದರು. ಹೋಗಿ ಒರಳುಕಲ್ಲಿಗೆ ಬೆನ್ನು ಕೊಟ್ಟು, ಕಾಲು ಮಡಿಸಿ, ಪಂಚೆ ಸರಿಮಾಡಿಕೊಂಡು ನೆಲದ ಮೇಲೆ ಕೂತರು.

ಕಾರು ಸುಂಡೆಕಾಯಿ ಅರೆದು ಬಾಗಿಲವರೆಗೆ ಹೋಯಿತು. ಮಾವ ಎದ್ದು ಹೋಗಿ ಎತ್ತಿಕೊಳ್ಳಲಿಲ್ಲ. ಕೂತಲ್ಲಿಂದಲೇ ‘ತನ್ನಿ’ ಎಂಬಂತೆ ಕೈ ಆಡಿಸಿದರು. ತಿರುಗಿಸಿದೆ. ಬಲ ಎಂದರೆ ಎಡ, ಎಡ ಎಂದರೆ ಬಲ ಎಂದು ಬಾಯಲ್ಲೇ ಪಠಿಸುತ್ತ ತಂದೆ. ಹತ್ತಿರ ಬಂದಂತೆ ಪಾಠ ಮರೆಯಿತು. ಕಾರು ಸೀದಾ ಹೋಗಿ ಮಾವನ ಮೊಣಕಾಲಿಗೆ ಗುದ್ದಿ ನಿಂತಿತು.

ಅವರು ಮೊಣಕಾಲು ಉಜ್ಜಿಕೊಂಡರು. ಶೋಕೇಸಿನ ಮೇಲಿನ ಫ್ರೇಮಿನತ್ತ ಒಮ್ಮೆ ಕಣ್ಣು ಹಾಯಿಸಿ, “ಇದ್ನೂ ರೆಕಾರ್ಡಿಗೆ ಆಕ್ಬ್ಯಾಡಿ” ಎಂದರು.

ಅವತ್ತು ಊಟವಾಗಿ ಕಾಫಿ ಬಂತು. ಕುಡಿದು, ಲೋಟವನ್ನು ಬಚ್ಚಲಿಗೆ ಒಯ್ದು ನಾನೇ ತೊಳೆದು ಬೋರಲು ಹಾಕಿದೆ. ಯಾರೂ ಓಡಿಬಂದು ಕಿತ್ತುಕೊಳ್ಳಲಿಲ್ಲ.